ಕಾಡು, ಕೆರೆ, ಗುಡಿ

ರಾಷ್ಟ್ರೀಯ ಉದ್ಯಾನವೆಂಬ ಮಾತು ಕಿವಿಗೆ ಬಿದ್ದೊಡನೆ ನಗರವಾಸಿಗಳಾದ ನಮಗೆ ಲಾಲ್‌ಬಾಗಿನ ಹೂವಿನ ಪಾತಿಗಳೂ ಕತ್ತರಿಸಿ ಸಮಮಾಡಿದ ಹುಲ್ಲುಹಾಸೂ ನೆನಪಿಗೆ ಬರುವುದು ಸಹಜ. ಆದರೆ ಈ ಹೆಸರಿನಿಂದ ಲೋಕದಲ್ಲಿ ಪ್ರಸಿದ್ಧವಾಗಿರುವ ಪ್ರದೇಶಗಳಲ್ಲಿ ತೋಟಗಾರನಿಗೆ ಕೆಲಸವಿಲ್ಲ. ಒಂದು ನಾಡಿನ ನಿಸರ್ಗಸಂಪತ್ತಿನಲ್ಲಿ ಶ್ರೇಷ್ಠವಾದ ಭಾಗವನ್ನು ಆರಿಸಿ, ಅದಕ್ಕೆ ಎಲ್ಲೆಯನ್ನು ಗೊತ್ತುಮಾಡಿ, ಆ ಎಲ್ಲೆಯೊಳಗೆ ಬೇಟೆ, ಬೇಸಾಯ, ಮರ ಕಡಿಯುವುದು, ಗಣಿ ತೋಡುವುದು ಮೊದಲಾದುವನ್ನು ನಿಷೇಧಿಸಿ, ಇದನ್ನು ಇದ್ದಂತೆಯೇ ಮುಂದಿನವರಿಗೆ ಒಪ್ಪಿಸುತ್ತೇವೆಂದು ರಾಜ್ಯವು ಮಾಡುವ ಕಟ್ಟಳೆಯೇ ರಾಷ್ಟ್ರೀಯ ಉದ್ಯಾನ. ಅಮೆರಿಕದವರು ೧೮೭೨ರಲ್ಲಿ ಯೆಲ್ಲೋಸ್ಟೋನ್ ಎಂಬ ಬಿಸಿನೀರಿನ ಬುಗ್ಗೆಗಳ ಸೀಮೆಯನ್ನು ಹೀಗೆ ಕಾದಿರಿಸಿದರು. ಆ ಮೇಲ್ಪಂಕ್ತಿಯನ್ನು ಅನೇಕ ದೇಶಗಳು ಅನುಸರಿಸಿದವು.

ನಮಗೆ ಅತ್ಯಂತ ಸಮೀಪದ ಮತ್ತು ನಮ್ಮ ನೆಲಕ್ಕೆ ಅತ್ಯಂತ ಹೋಲಿಕೆಯುಳ್ಳ ನಿದರ್ಶನವೆಂದರೆ ಲಂಕಾದ್ವೀಪ. ಅಲ್ಲಿಯ ಮೊದಲ ಎರಡು ರಾಷ್ಟ್ರೀಯ ಉದ್ಯಾನಗಳಾದ ಯಾಲ ಮತ್ತು ವಿಲ್ಪತ್ತು ೧೯೩೮ರಲ್ಲಿ ಸ್ಥಾಪಿತವಾದವು. ಯಾಲವು ದ್ವೀಪದ ಆಗ್ನೇಯ ಕರಾವಳಿಯ ಒಣಸೀಮೆ, ಚಿರತೆಗಳಿಗೆ ಹೆಸರಾದುದು. ವಿಲ್ಪತ್ತು ವಾಯವ್ಯದ ಕಾಡು. ಮಳೆಯ ನೀರು ನಿಂತು ಆದ ಸಹಜವಾದ ಕೊಳಗಳು ಅಲ್ಲಿಯ ವಿಶೇಷ. ಮೂರನೆಯದಾಗಿ ಹೇಳತಕ್ಕದ್ದು ಮಿನ್ನೇರಿಯ. ಇದು ರಾಷ್ಟ್ರೀಯ ಉದ್ಯಾನವಾದದ್ದು ೧೯೯೭ರಲ್ಲಿ. ಇದರ ನಡುವೆ ಇರುವುದು ಪ್ರಕೃತಿಯು ನಿರ್ಮಿಸಿದ ಸರೋವರವಲ್ಲ. ಮಹಾಸೇನನೆಂಬ ಅರಸು ಸುಮಾರು ೧,೭೦೦ ವರ್ಷಗಳ ಹಿಂದೆ ಬೇಸಾಯಕ್ಕಾಗಿ ಕಟ್ಟಿಸಿದ ಕೆರೆ. ಬೇಸಗೆಯಲ್ಲಿ ಕೆರೆಯ ನೀರು ಇಳಿದು ಅಂಗಳವೆಲ್ಲ ಎಳೆಹುಲ್ಲಿನಿಂದ ತುಂಬಿದಾಗ, ಆಗಸ್ಟ್ ಸೆಪ್ಟೆಂಬರ್ ತಿಂಗಳುಗಳಲ್ಲಿ, ಸುತ್ತಣ ಕಾಡುಗಳಿಂದ ನೂರಾರು ಆನೆಗಳು ಮರಿಗಳೊಡನೆ ಅಲ್ಲಿಗೆ ಬಂದು ಕೂಡುತ್ತವೆ. ಯಾಲದ ಕಾಡಿನೊಳಗೂ ಸಿತುಲ್‌ಪವ್ವವೆಂಬ ಪ್ರಾಚೀನ ಬೌದ್ಧವಿಹಾರವಿದೆ. ಇಂದಿಗೂ ಯಾತ್ರಿಕರು ಅಲ್ಲಿಗೆ ಹೋಗುತ್ತಾರೆ. ಹೀಗೆ ಅರಸರ ಕೆರೆ, ಭಿಕ್ಷುಗಳ ಗುಹೆ, ಆನೆಯ ಮೇವು ಇವೆಲ್ಲ ಆ ದ್ವೀಪದಲ್ಲಿ ಒಂದೇ ಎಲ್ಲೆಯೊಳಗೆ ಕೂಡಿಕೊಂಡಿವೆ.

ಈ ವಿಷಯವನ್ನು ಇಷ್ಟು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವುಂಟು. ಕೆರೆ, ಗುಡಿ, ಕಾಡು ಈ ಮೂರೂ ಒಂದು ದಿನದ ಪ್ರಯಾಣದಷ್ಟು ನೆಲದಲ್ಲಿ ಕೂಡಿರುವ ಸ್ಥಳವೊಂದು ನಮ್ಮಲ್ಲಿಯೂ ಇದೆ. ಅದೇ ಹಾಸನ ಜಿಲ್ಲೆಯ ಅರಸೀಕೆರೆ, ಹಳೇಬೀಡು, ಬೇಲೂರುಗಳ ಸೀಮೆ. ಅಲ್ಲಿಗೆ ಹೋಗುವವರಲ್ಲಿ ಹೆಚ್ಚಿನವರು ಎರಡು ದೇವಾಲಯಗಳನ್ನು ನೋಡಿ, ಮದನಿಕೆಯರನ್ನು ಕೊಂಡಾಡಿ, ಸಂಜೆಯೊಳಗೆ ಹಿಂದಿರುಗುತ್ತಾರೆ. ಅವರು ಕಂಡದ್ದು ಆ ಸೀಮೆಯ ಮೂರರಲ್ಲಿ ಒಂದು ಪಾಲು.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕರ್ಣಾಟಕದಲ್ಲಿ ರಾಷ್ಟ್ರೀಯ ಉದ್ಯಾನಗಳು ಐದು: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಅಣಶಿ, ಕುದುರೆಮುಖ. ಇವುಗಳಲ್ಲಿ ಬಂಡೀಪುರಕ್ಕೆ ಮೈಸೂರು ಸಂಸ್ಥಾನದ ಕಾಲದಲ್ಲಿಯೇ ಅಡಿಪಾಯ ಬಿದ್ದಿತ್ತು. ೧೯೩೧ರಲ್ಲಿ ಸುಮಾರು ೯೦ ಚದರ ಕಿಲೋಮೀಟರಿನ ಮೃಗಧಾಮವಾಗಿ ಆರಂಭವಾದ ಅದು ೧೯೪೧ರಲ್ಲಿ ವೇಣುಗೋಪಾಲ ವನ್ಯಮೃಗ ಉದ್ಯಾನವೆಂದು ವಿಸ್ತಾರಗೊಂಡಿತು. ರಂಗನತಿಟ್ಟಿನ ಪಕ್ಷಿಗಳಿಗೆ ಅಭಯ ದೊರೆತದ್ದು ೧೯೪೦ರಲ್ಲಿ. ಅದೇ ಸಂಸ್ಥಾನವು ೧೮೮೫ರಷ್ಟು ಹಿಂದೆಯೇ ಪುರಾತತ್ತ್ವ ಇಲಾಖೆಯನ್ನು ಸ್ಥಾಪಿಸಿ, ರೈಸ್ ಸಾಹೇಬರ ನೇತೃತ್ವದಲ್ಲಿ ಊರೂರಿನ ಶಿಲಾಶಾಸನಗಳನ್ನು ಓದಿಸಿ ಅಚ್ಚುಹಾಕಿಸಿತು. ಆದರೆ ಮೃಗಗಳ ರಕ್ಷಣೆ ಒಂದು ಇಲಾಖೆಯ ಕೆಲಸ, ಶಿಲೆಗಳ ರಕ್ಷಣೆ ಇನ್ನೊಂದು ಇಲಾಖೆಯ ಕೆಲಸ, ಕೆರೆಗಳು ಮತ್ತೊಂದು ಇಲಾಖೆಯವು ಎಂಬ ವಿಭಾಗವೂ ಆಗಲೇ ಬೇರೂರಿತು. ಇಂದಿಗೂ ಹಾಗೆಯೇ ಇದೆ. ಹಾಸನ ಜಿಲ್ಲೆಯಲ್ಲಿ ರಾಷ್ಟ್ರೀಯ ಉದ್ಯಾನವೆಂಬುದು ಒಂದೂ ಇಲ್ಲ. ಆದರೂ ಉದ್ಯಾನವನ್ನು ನೋಡುವವನ ಕಣ್ಣಿನಿಂದ ಈ ಸೀಮೆಯನ್ನು ಅರಸೀಕೆರೆಯ ಕಡೆಯಿಂದ ನೋಡುತ್ತ ಹೋಗೋಣ.

ಅರಸೀಕೆರೆಯನ್ನು ರೈಲಿನ ಕೂಡುದಾರಿಯೆಂದು ಎಲ್ಲರೂ ಬಲ್ಲರು. ಅಲ್ಲಿಯ ತೆಂಗನ್ನೂ ಬಲ್ಲರು. ಊರಿನ ಹೆಸರಿನಲ್ಲಿಯೇ ಅದರ ಚರಿತ್ರೆಯಿದೆ: ಅದು ಅರಸಿಯ ಕೆರೆ. ಹೊಯ್ಸಳರ ಮನೆತನದ ಹೆಣ್ಣುಮಗಳೊಬ್ಬಳು ಕಟ್ಟಿಸಿದ ಕೆರೆಯಿಂದ ಈ ಹೆಸರು ಬಂದಿತೆಂದು ಹೇಳಿಕೆ. ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಇದು ಶ್ರೀಮಂತವಾದ ಪಟ್ಟಣವಾಗಿತ್ತು. ೧೨೨೦ರ ಸುಮಾರಿಗೆ ಕಟ್ಟಿದ ಈಶ್ವರ ದೇವಾಲಯವೂ, ರೇಚರಸನೆಂಬ ದಂಡನಾಯಕನು ಅದೇ ಕಾಲದಲ್ಲಿ ಮಾಡಿಸಿದ ಸಹಸ್ರಕೂಟ ಜಿನಾಲಯವೂ ಅದಕ್ಕೆ ಸಾಕ್ಷಿ. ಈಶ್ವರ ದೇವಾಲಯದ ಮುಂದಿನ ತೆರೆದ ಮಂಟಪವು ನಕ್ಷತ್ರದ ಆಕಾರದಲ್ಲಿದೆ. ಅದರ ತಳವಿನ್ಯಾಸಕ್ಕೆ ಸಾಟಿಯಾದುದು ಹೊಯ್ಸಳರ ಕಟ್ಟಡಗಳಲ್ಲಿಯೂ ವಿರಳ. ಬೇಲೂರಿಗೆ ಧಾವಿಸುವ ಯಾತ್ರಿಕರು ಇದನ್ನು ಬಿಟ್ಟುಹೋಗುವುದು ರೂಢಿ. ಶಾಂತವಾಗಿ ಕುಳಿತು ನೋಡಬೇಕೆನ್ನುವವರಿಗೆ ಅದೇ ಅನುಕೂಲ.

ಪಟ್ಟಣದಿಂದ ಹೊರಗೆ ಬಂದರೆ ಗುಡ್ಡಗಳು ಕಾಣುತ್ತವೆ. ಹಿರೇಕಲ್ಲುಗುಡ್ಡದ ಸಾಲು, ಜೇನುಕಲ್ಲು, ಮಾಲೇಕಲ್ಲು. ಹೆಸರುಗಳೇ ಹೇಳುವಂತೆ ಇದು ಕಲ್ಲಿನ ನಾಡು. ದೊಡ್ಡ ಬಂಡೆಗಳು, ಬಂಡೆಗಳ ಸಂದಿಯಲ್ಲಿ ಕಾರೆ, ಕವಳೆ, ಬೋರೆ, ಕಕ್ಕೆ ಮುಂತಾದ ಗಿಡಮರಗಳು, ಅವುಗಳ ನಡುವೆ ಬೇಸಗೆಯಲ್ಲಿ ಒಣಗಿ ನಿಲ್ಲುವ ಹುಲ್ಲು. ಮಲೆನಾಡಿನ ಹಸುರನ್ನು ಕಂಡು ಬಂದವರಿಗೆ ಇದು ಕಾಡೆಂದೇ ತೋರುವುದಿಲ್ಲ. ಕಾಗದಪತ್ರಗಳಲ್ಲಿ ಇಂಥ ನೆಲಕ್ಕೆ ಎಷ್ಟೋ ಕಡೆ ಬಂಜರು ಎಂಬ ಹೆಸರು ಬಿದ್ದಿದೆ. ಆದರೆ ಕರಡಿಯನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ. ಬಂಡೆಗಳ ನಡುವಣ ಗವಿಯು ಅದಕ್ಕೆ ಹಗಲಿನ ಬಿಡಾರ, ಹೆರಿಗೆಯ ಮನೆ. ಹುತ್ತವನ್ನು ಉಗುರಿನಿಂದ ಬಗೆದು, ಮೇಲಿನ ದವಡೆಯಲ್ಲಿ ಮುಂದಿನ ಎರಡು ಹಲ್ಲುಗಳಿಲ್ಲದ ಸಂದಿಯಿಂದ ಗೆದ್ದಲನ್ನು ಹೀರಿಕೊಳ್ಳುವಂತೆ ಅದರ ಬಾಯಿ ರಚಿತವಾಗಿದೆ. ಕಾರೆ, ಬೋರೆ, ಕಕ್ಕೆಗಳ ಹಣ್ಣನ್ನು ತಿಂದು ಅದು ಬೀಜವನ್ನು ದೂರ ದೂರ ಬಿತ್ತುತ್ತದೆ. ಮರಿಗಳನ್ನು ಬೆನ್ನಮೇಲೆ ಹೊತ್ತು ನಡೆಯುವ ಕರಡಿಯಿದೊಂದೇ. ಈ ಒಣಗುಡ್ಡವು ಅದಕ್ಕೆ ಸರ್ವಸ್ವ. ದಟ್ಟವಾದ ಮಳೆಕಾಡನ್ನು ಕೊಟ್ಟರೂ ಇದಕ್ಕೆ ಸಮನಾಗುವುದಿಲ್ಲ.

ಈ ದೃಷ್ಟಿ ಸರಕಾರಕ್ಕೂ ಬಂದುದು ಸಂತೋಷದ ಸಂಗತಿ. ಬಳ್ಳಾರಿಯ ಸೀಮೆಯ ದರೋಜಿಯಲ್ಲಿ ೧೯೯೪ರಲ್ಲಿ ಕರಡಿಧಾಮವಾಯಿತು. ಈಚಿನ ವರ್ಷಗಳಲ್ಲಿ ಅರಸೀಕೆರೆಯ ಗುಡ್ಡಗಳಿಗೂ ಕರಡಿಧಾಮವೆಂಬ ಸ್ಥಾನ ದೊರೆತಿದೆ. ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯಂತೆ ರಾಷ್ಟ್ರೀಯ ಉದ್ಯಾನದಲ್ಲಿ ದನ ಮೇಯಿಸುವುದಕ್ಕೆ ಅವಕಾಶವಿಲ್ಲ. ಧಾಮದಲ್ಲಿ ಕಟ್ಟುಪಾಡಿಗೊಳಪಟ್ಟು ಅವಕಾಶ ಕೊಡಬಹುದು. ಸುತ್ತಲೂ ಹಳ್ಳಿಗಳಿರುವ ಇಂಥ ಗುಡ್ಡಕ್ಕೆ ಈ ಎರಡನೆಯ ಬಗೆಯೇ ಹೊಂದುವುದು. ಆದರೆ ಕರಡಿಗೆ ಧಾಮದ ಎಲ್ಲೆಕಲ್ಲುಗಳ ಪರಿಚಯವಿಲ್ಲ. ಹೊತ್ತು ಮುಳುಗಿದ ಮೇಲೆ ಅದು ನೀರಿಗಾಗಿಯೂ ಹಣ್ಣಿಗಾಗಿಯೂ ಕೆರೆಯ ಕಡೆಗೆ ಇಳಿದು, ನಸುಕಿನಲ್ಲಿ ಹಿಂದಿರುಗುತ್ತದೆ. ಅದೇ ನಸುಕಿನಲ್ಲಿ ರೈತನು ಹೊಲಕ್ಕೆ ನೀರು ಹಾಯಿಸಲು ಹೊರಟಿರುತ್ತಾನೆ. ಕರಡಿಗೆ ದೃಷ್ಟಿ ಮಂದ. ತೀರ ಹತ್ತಿರ ಬರುವವರೆಗೆ ಮನುಷ್ಯನನ್ನು ಅರಿಯದೆ, ಅರಿತೊಡನೆ ಬೆದರಿ ಮೇಲೆ ಬೀಳುತ್ತದೆ. ಗುಡ್ಡದ ಮೇಲೆಯೇ ನೀರೂ ಹಣ್ಣೂ ಇದ್ದರೆ ಇಂಥ ಭೇಟಿಗಳು ಕಡಿಮೆಯಾಗುತ್ತವೆ. ಗುಡ್ಡಕ್ಕೆ ಬೆಂಕಿ ಬಿದ್ದರೆ, ಬಂಡೆಯನ್ನು ಜಲ್ಲಿಗಾಗಿ ಒಡೆದರೆ, ಹೆಚ್ಚುತ್ತವೆ. ಧಾಮದ ಗೆಲುವುಸೋಲುಗಳು ಹೀಗೆ ಅದರ ಹೊರಗಿನ ಹೊಲಗಳಲ್ಲಿಯೇ ತೀರ್ಮಾನವಾಗುತ್ತವೆ.

ಅರಸೀಕೆರೆಯಿಂದ ಬಾಣಾವರ, ಜಾವಗಲ್ಲುಗಳ ಮೇಲೆ ಹಳೇಬೀಡಿಗೆ ಬರುವ ದಾರಿಯಲ್ಲಿ ನೆಲದ ಸ್ವಭಾವವು ಮೆಲ್ಲಮೆಲ್ಲನೆ ಬದಲಾಗುತ್ತದೆ. ಪಶ್ಚಿಮಕ್ಕೆ ಹೋದಂತೆಲ್ಲ ಮಳೆ ಹೆಚ್ಚು. ಜಾವಗಲ್ಲಿನಲ್ಲಿ ೧೩ನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವನ್ನು ತಪ್ಪದೆ ನೋಡಬೇಕು. ದಾರಿಯುದ್ದಕ್ಕೂ ಗಮನಿಸತಕ್ಕ ಇನ್ನೊಂದು ವಸ್ತುವೆಂದರೆ ಕೆರೆಯ ಏರಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಹಳ್ಳದ ಮೂಲಕ ಕೆಳಗಿನ ಕೆರೆಗೆ ಹೋಗುತ್ತದೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ತೂಬಿನಿಂದ ಹೊರಟ ನೀರು ಗದ್ದೆಗೆ, ಇಂಗಿದ ನೀರು ಬಾವಿಗೆ. ಈ ಸರಣಿಯಲ್ಲಿ ಒಂದು ಕೆರೆಯ ಕಾಲುವೆ ಮುಚ್ಚಿಹೋದರೆ ಕೆಳಗಿನ ಊರುಗಳೆಲ್ಲ ಅದರ ಫಲವನ್ನು ಅನುಭವಿಸಬೇಕು. ಗುಡ್ಡದ ಮೇಲಿನ ಹುಲ್ಲು ಹೋದರೆ ಮಣ್ಣು ಕೊಚ್ಚಿಬಂದು ಕೆರೆಯ ಅಂಗಳವನ್ನು ತುಂಬುತ್ತದೆ. ಕರಡಿಯ ಗುಡ್ಡಕ್ಕೂ ರೈತನ ಗದ್ದೆಗೂ ಇರುವ ಸಂಬಂಧ ಇದು.

ಹಳೇಬೀಡು ಎಂಬುದು ಪಟ್ಟಣವು ಹಾಳಾದ ಮೇಲೆ ಬಂದ ಹೆಸರು. ಹೊಯ್ಸಳರ ಕಾಲದಲ್ಲಿ ಅದು ದೋರಸಮುದ್ರ ಅಥವಾ ದ್ವಾರಸಮುದ್ರ. ಇಲ್ಲಿ ಸಮುದ್ರವೆಂದರೆ ಕಡಲಲ್ಲ, ದೊಡ್ಡ ಕೆರೆ. ಒಂದು ಪ್ರಬಲ ರಾಜ್ಯದ ರಾಜಧಾನಿಯು ಕೋಟೆಯ ಹೆಸರನ್ನಾಗಲಿ ಅರಸನ ಹೆಸರನ್ನಾಗಲಿ ಇಟ್ಟುಕೊಳ್ಳದೆ ತನ್ನ ಕೆರೆಯ ಹೆಸರಿನಿಂದ ಲೋಕಪ್ರಸಿದ್ಧವಾಯಿತೆಂಬುದು ಯೋಚಿಸತಕ್ಕ ವಿಷಯ. ಕೆರೆಯ ದಂಡೆಯ ಸಮೀಪದಲ್ಲಿಯೇ ಹೊಯ್ಸಳೇಶ್ವರ ದೇವಾಲಯವಿದೆ. ವಿಷ್ಣುವರ್ಧನನ ಕಾಲದಲ್ಲಿ, ೧೧೨೧ರ ಸುಮಾರಿಗೆ, ಕೇತಮಲ್ಲನೆಂಬ ಅಧಿಕಾರಿಯ ನೇತೃತ್ವದಲ್ಲಿ ಆರಂಭವಾದ ಈ ಜೋಡಿ ದೇವಾಲಯದ ಶಿಲ್ಪಕಾರ್ಯ ಬಹುಕಾಲ ನಡೆಯಿತು. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆದು; ಗಾಳಿಬಿಸಿಲಿಗೆ ಒಡ್ಡಿದಂತೆಲ್ಲ ಗಟ್ಟಿ. ಆದುದರಿಂದಲೇ ಶಿಲ್ಪಿಯು ಅಕ್ಕಸಾಲಿಗನ ಕೆಲಸವನ್ನು ಕಲ್ಲಿನಲ್ಲಿ ಮಾಡಲು ಸಾಧ್ಯವಾಯಿತು. ಸಮೀಪದ ಬಸ್ತಿಹಳ್ಳಿಯಲ್ಲಿ ೧೧೩೩ರ ಪಾರ್ಶ್ವನಾಥ ಬಸದಿಯಿದೆ. ಅದರ ಒಳಗಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಇಮ್ಮಡಿ ಬಲ್ಲಾಳನ ಕಾಲದ ಕೇದಾರೇಶ್ವರವೂ, ಹತ್ತಿರದ ಹುಲಿಕೆರೆಯಲ್ಲಿ ಸುತ್ತಲೂ ಪುಟ್ಟ ಗುಡಿಗಳನ್ನು ಕಟ್ಟಿರುವ ಮೆಟ್ಟಿಲು ಕೊಳವೂ ಇದೇ ವೈಭವದ ಅವಶೇಷಗಳು. ೧೩೧೧ರಲ್ಲಿ ಮಲಿಕ್ ಕಾಫರನ ಸೈನ್ಯವೂ, ೧೩೨೭ರಲ್ಲಿ ತುಘಲಕರ ಸೈನ್ಯವೂ ಬಂದುಹೋದ ಮೇಲೆ ರಾಜಧಾನಿ ಅಳಿಯಿತು; ಕೆರೆ ಮಾತ್ರ ಉಳಿಯಿತು.

೨೦೨೩ರ ಸೆಪ್ಟೆಂಬರ್ ೧೮ರಂದು ರಿಯಾದ್ ನಗರದಲ್ಲಿ ನಡೆದ ಸಭೆಯಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಲಾಯಿತು. ಭಾರತದಿಂದ ಆ ಪಟ್ಟಿಗೆ ಸೇರಿದ ೪೨ನೆಯ ಸ್ಥಾನ ಅದು. ಸಂರಕ್ಷಿತ ಸ್ಮಾರಕದ ಸುತ್ತ ೧೦೦ ಮೀಟರುಗಳೊಳಗೆ ಹೊಸ ಕಟ್ಟಡ ಕೂಡದು, ಅದರ ಆಚೆಯ ೨೦೦ ಮೀಟರುಗಳಲ್ಲಿ ಅನುಮತಿಯಿಲ್ಲದೆ ಕೂಡದು ಎಂದು ೨೦೧೦ರ ತಿದ್ದುಪಡಿಯ ಕಾಯಿದೆ ವಿಧಿಸುತ್ತದೆ. ಒಟ್ಟಿನಲ್ಲಿ ೩೦೦ ಮೀಟರು. ಹಳೆಯ ಮನೆಯನ್ನು ರಿಪೇರಿ ಮಾಡಿಸಲೂ ಅರ್ಜಿ ಹಿಡಿದು ತಿರುಗಬೇಕಾದ ಊರವರಿಗೆ ಇದು ಭಾರವೇ ಹೌದು. ಆದರೂ ಶಿಲ್ಪವು ಉಳಿಯುವುದಕ್ಕೆ ಬೇಕಾದ ಕಟ್ಟು. ಆದರೆ ದೋರಸಮುದ್ರಕ್ಕೆ ನೀರು ಬರುವ ದಾರಿ ೩೦೦ ಮೀಟರಿನಲ್ಲಿ ಮುಗಿಯುವುದಿಲ್ಲ. ಅದು ಮೈಲಿಗಟ್ಟಲೆ ದೂರದ ಹಳ್ಳಕೊಳ್ಳಗಳಿಂದ ಬರಬೇಕು. ಕೆರೆ ಬತ್ತಿದ ವರ್ಷಗಳಲ್ಲಿ, ಯಗಚಿಯ ನೀರನ್ನು ರಣಘಟ್ಟದಿಂದ ಹಾಯಿಸಿ ಇದನ್ನು ತುಂಬಿಸಬೇಕೆಂದು ಹಳೇಬೀಡಿನ ರೈತರು ಚಳವಳಿ ಹೂಡಿದರು. ಅವರ ಬೇಡಿಕೆ ಗದ್ದೆಗಾಗಿಯೂ ಕುಡಿಯುವ ನೀರಿಗಾಗಿಯೂ ಹುಟ್ಟಿದ್ದು. ಆದರೂ ಸ್ಮಾರಕದ ರಕ್ಷಣೆಗಾಗಿ ನಡೆದ ಪ್ರಯತ್ನಗಳಲ್ಲಿ ಅದನ್ನೂ ಒಂದೆಂದು ಎಣಿಸತಕ್ಕದ್ದು. ಕೆರೆಯಿಲ್ಲದ ದೋರಸಮುದ್ರಕ್ಕೆ ಅರ್ಥವೇನು?

ಹಳೇಬೀಡಿನಿಂದ ಬೇಲೂರಿಗೆ ೧೬ ಕಿಲೋಮೀಟರು. ಹೇಮಾವತಿಯನ್ನು ಸೇರುವ ಯಗಚಿಯ ದಂಡೆಯ ಊರು ಇದು. ಇಲ್ಲಿಂದ ಪಶ್ಚಿಮಕ್ಕೆ ಕಾಫಿಯ ತೋಟಗಳು, ಮಲೆನಾಡು. ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ದೇವಾಲಯದಲ್ಲಿ ಪೂಜೆ ಇಂದಿಗೂ ನಡೆದುಬರುತ್ತಿದೆ. ಅಲ್ಲಿಯ ೪೨ ಮದನಿಕಾವಿಗ್ರಹಗಳ ವಿಷಯವಾಗಿ ಬೇಕಾದಷ್ಟು ಬರೆದಿದ್ದಾರೆ. ಇಲ್ಲಿ ನಾವು ಗೋಡೆಯ ತಳಭಾಗವನ್ನು ನೋಡೋಣ. ಬೇಲೂರಿನಲ್ಲಿಯೂ ಹಳೇಬೀಡಿನಲ್ಲಿಯೂ ಎಲ್ಲಕ್ಕಿಂತ ಕೆಳಗಿನ ಸಾಲು ಆನೆಗಳದು. ಕಟ್ಟಡದ ಭಾರವನ್ನೆಲ್ಲ ಹೊತ್ತಂತೆ ಅವು ಸುತ್ತಲೂ ನಡೆದಿವೆ. ಒಂದು ಸೊಂಡಿಲನ್ನು ಸುರುಳಿಮಾಡಿದೆ, ಒಂದು ಮುಂದಿನದರ ಬಾಲಕ್ಕೆ ಚಾಚಿದೆ, ಒಂದು ತಲೆಯನ್ನು ತಿರುಗಿಸಿದೆ. ಜೀವಂತ ಆನೆಯನ್ನು ದಿನವೂ ನೋಡಿದ ಕಣ್ಣಿಗಲ್ಲದೆ ಈ ವೈವಿಧ್ಯ ಹೊಳೆಯುವಂತಿಲ್ಲ. ಹೊಯ್ಸಳರ ಲಾಂಛನವೇ ಸಳನು ಹುಲಿಯೊಡನೆ ಹೋರಾಡುವ ಚಿತ್ರವಷ್ಟೆ. ಆ ರಾಜ್ಯವು ಕಾಡಿನ ಅಂಚಿನಲ್ಲಿ ಹುಟ್ಟಿದುದೆಂಬುದನ್ನು ಈ ಶಿಲೆಗಳು ಮರೆಯಗೊಡುವುದಿಲ್ಲ.

ಕಲ್ಲಿನ ಆನೆಗಳಿಗೆ ವಿಶ್ವಪರಂಪರೆಯ ಗೌರವ ದೊರೆತಿದೆ. ಜೀವಂತ ಆನೆಗಳ ಸ್ಥಿತಿ ಬೇರೆ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ಅವು ಕಾಫಿಯ ತೋಟಗಳಲ್ಲಿಯೇ ವಾಸಮಾಡುತ್ತಿವೆ. ಹಗಲೆಲ್ಲ ತೋಟದ ನೆರಳಿನಲ್ಲಿ ನಿಂತು, ರಾತ್ರಿ ಬತ್ತದ ಗದ್ದೆಗೆ ಇಳಿಯುತ್ತವೆ. ಬೆಳೆ ಹೋದುದನ್ನು ಪರಿಹಾರದಿಂದ ತುಂಬಿಕೊಡಬಹುದು. ಬೆಳಗ್ಗೆ ಕೂಲಿಗೆ ಹೊರಟ ಹೆಂಗಸು ಸಂಜೆ ಮನೆಗೆ ಬಾರದಿದ್ದರೆ ಅದನ್ನು ಯಾವ ಪರಿಹಾರ ತುಂಬೀತು? ಇಂಥ ಸಾವುಗಳು ಈ ತಾಲ್ಲೂಕುಗಳಲ್ಲಿ ವರ್ಷವರ್ಷವೂ ಸಂಭವಿಸಿವೆ. ಆನೆಗಳೂ ವಿದ್ಯುತ್ತಿನ ತಂತಿಗೆ ಸಿಕ್ಕಿ ಸತ್ತಿವೆ. ೨೦೧೨ರಲ್ಲಿ ಉಚ್ಚ ನ್ಯಾಯಾಲಯದ ಅಪ್ಪಣೆಯಂತೆ ನೇಮಿಸಿದ ಆನೆ ಕಾರ್ಯಪಡೆ ವರದಿಯನ್ನೊಪ್ಪಿಸಿತು. ೨೦೧೪ರಲ್ಲಿ ಆಲೂರು ಸಕಲೇಶಪುರಗಳ ಸೀಮೆಯಿಂದ ೨೨ ಆನೆಗಳನ್ನು ಹಿಡಿದು ಸಾಗಿಸಿದರು. ಆದರೂ ಸ್ವಲ್ಪ ಕಾಲದಲ್ಲಿಯೇ ಬೇರೆ ಆನೆಗಳು ಬಂದು ಆ ಸ್ಥಳವನ್ನು ತುಂಬಿದವು. ಮೇವೂ ನೀರೂ ನೆರಳೂ ಇರುವ ನೆಲವು ಆನೆಯ ಪಾಲಿಗೆ ತೆರವಾಗಿ ಉಳಿಯುವುದಿಲ್ಲ.

ಲಂಕೆಯ ಉದ್ಯಾನಗಳಿಂದ ಕಲಿಯತಕ್ಕ ಪಾಠವು ಈ ಸಂದರ್ಭದಲ್ಲಿ ನೆನಪಿಗೆ ಬರಬೇಕು. ಅದು ಅವರ ಗೆಲುವಿಗಿಂತ ಅವರ ಕಷ್ಟದಲ್ಲಿದೆ. ಅಷ್ಟು ಉದ್ಯಾನಗಳಿದ್ದರೂ ಅಲ್ಲಿಯ ಆನೆಗಳು ತಿರುಗಾಡುವ ನೆಲದಲ್ಲಿ ಬಹುಪಾಲು ಉದ್ಯಾನಗಳ ಹೊರಗೇ ಇದೆ. ಆನೆಗಳನ್ನು ಒಳಕ್ಕೆ ಅಟ್ಟಿ ಬೇಲಿ ಹಾಕುವ ಕ್ರಮದಿಂದ ಬೇಲಿಯೊಳಗೆ ಮೇವು ಸಾಲದೆ ಅವು ಸೊರಗಿದವು. ಮಿನ್ನೇರಿಯದಲ್ಲಿ ಮತ್ತೊಂದು ತೊಡಕು ಕಂಡುಬಂದಿದೆ. ಹೊಸ ಜಲಾಶಯದ ನೀರನ್ನು ಬೇಸಗೆಯಲ್ಲಿಯೂ ಆ ಹಳೆಯ ಕೆರೆಗೆ ಬಿಟ್ಟುದರಿಂದ, ನೀರು ಇಳಿಯದೆ, ಎಳೆಹುಲ್ಲು ಬೆಳೆಯತಕ್ಕ ಅಂಗಳ ಮುಳುಗಿ, ಆನೆಗಳ ಕೂಟಕ್ಕೆ ಕುಂದು ಬಂದಿತು. ಉದ್ಯಾನದ ಎಲ್ಲೆಯನ್ನು ಯಾರೂ ಮೀರಲಿಲ್ಲ. ಒಂದು ಮರವನ್ನೂ ಕಡಿಯಲಿಲ್ಲ. ನೀರಿನ ಇಲಾಖೆಯವರು ತಮ್ಮ ಕೆಲಸವನ್ನು ತಾವು ಮಾಡಿದರು, ಅಷ್ಟೆ. ಅದರ ಫಲವನ್ನು ಆನೆಯೂ, ಆನೆ ನುಗ್ಗಿದ ಹಳ್ಳಿಯೂ ಅನುಭವಿಸಿದವು.

ಅಲ್ಲಿಯೇ ಮಾಡಿ ನೋಡಿದ ಒಂದು ಉಪಾಯವೂ ಗಮನಾರ್ಹ. ಆನೆಯನ್ನು ಕಾಡಿನೊಳಗೆ ಕೂಡಿಹಾಕುವುದಕ್ಕೆ ಬದಲಾಗಿ, ಹಳ್ಳಿಯವರೇ ಬೇಸಾಯದ ಕಾಲದಲ್ಲಿ ಗದ್ದೆಗಳ ಸುತ್ತ ವಿದ್ಯುತ್ತಿನ ಹಗುರ ಬೇಲಿಯನ್ನು ಹಾಕಿ, ಕೊಯ್ಲು ಮುಗಿದ ಮೇಲೆ ತೆಗೆದುಬಿಡುತ್ತಾರೆ. ಆಗ ಕೂಳೆಯನ್ನು ಮೇಯಲು ಆನೆಗೆ ಅಡ್ಡಿಯಿಲ್ಲ. ಬೇಲಿ ಬೆಳೆಯನ್ನು ಕಾಯುವವನ ಕೈಯಲ್ಲಿಯೇ ಇರುವುದರಿಂದ ಅದು ಕೆಟ್ಟರೆ ದುರಸ್ತಿಗೆ ಇಲಾಖೆಯವರ ದಾರಿ ನೋಡಬೇಕಾಗಿಲ್ಲ. ಹಾಸನದ ಸೀಮೆಯಲ್ಲಿಯೂ ಕೆಲವು ಆನೆಗಳ ಕೊರಳಿಗೆ ರೇಡಿಯೋ ಪಟ್ಟಿಯನ್ನು ಕಟ್ಟಿ, ಅವು ಎಲ್ಲಿವೆಯೆಂಬ ಸುದ್ದಿಯನ್ನು ಸುತ್ತಣವರ ಮೊಬೈಲಿಗೆ ಮುಟ್ಟಿಸುವ ಏರ್ಪಾಡು ನಡೆದಿದೆ. ಇವೆಲ್ಲ ಸಣ್ಣ ಉಪಾಯಗಳು. ಆದರೆ ಮನುಷ್ಯನೂ ಮೃಗವೂ ಒಂದೇ ನೆಲದಲ್ಲಿದ್ದಾರೆಂಬ ಸತ್ಯವನ್ನು ಒಪ್ಪಿಕೊಂಡು ಹೊರಟ ಉಪಾಯಗಳು.

ಈ ಸೀಮೆಯನ್ನು ನೋಡಹೊರಡುವವರಿಗೆ ಕೆಲವು ಸೂಚನೆಗಳನ್ನು ಹೇಳಬಹುದು. ಮಳೆ ನಿಂತ ಮೇಲೆ, ಕಾರ್ತಿಕದಿಂದ ಮಾಘದವರೆಗೆ, ಒಳ್ಳೆಯ ಕಾಲ. ಆಗ ಕೆರೆಯಲ್ಲಿ ನೀರಿರುತ್ತದೆ, ಗುಡ್ಡದಲ್ಲಿ ಹಸುರಿರುತ್ತದೆ. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವ ಹಟ ಬೇಡ. ಎರಡು ಹಗಲುಗಳನ್ನಾದರೂ ಮೀಸಲಿಡಬೇಕು. ಶಿಲ್ಪಗಳನ್ನು ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ನೋಡತಕ್ಕದ್ದು. ನಡುಹಗಲಿನ ಬೆಳಕಿನಲ್ಲಿ ಅವುಗಳ ಆಳ ಕಾಣಿಸದು. ಕಲ್ಲನ್ನು ಕೈಯಿಂದ ಸವರಬಾರದು. ಕರಡಿಯ ಗುಡ್ಡಗಳಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ, ಹೊತ್ತು ಮೀರಿದ ಮೇಲೆ ಹೋಗಬಾರದು. ಬೇಲೂರಿನ ಪಶ್ಚಿಮದ ತೋಟಗಳ ದಾರಿಯಲ್ಲಿ ಆನೆ ಕಂಡರೆ ಬಂಡಿಯನ್ನು ದೂರದಲ್ಲಿ ನಿಲ್ಲಿಸಿ, ಸದ್ದುಮಾಡದೆ, ಅದಕ್ಕೆ ದಾರಿ ಬಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಊರವರೊಡನೆ ಮಾತನಾಡಬೇಕು. ಈ ವರ್ಷ ಕೆರೆ ಕೋಡಿ ಬಿದ್ದಿತೆ, ಕರಡಿ ಯಾವ ಕಡೆ ಇಳಿಯಿತು, ಆನೆ ಯಾರ ಗದ್ದೆಯನ್ನು ತುಳಿಯಿತು ಎಂಬುದನ್ನು ಅವರಷ್ಟು ಚೆನ್ನಾಗಿ ಯಾವ ಕೈಪಿಡಿಯೂ ಹೇಳಲಾರದು.

ಅರಸೀಕೆರೆಯ ಗುಡ್ಡವನ್ನು ಕಾಯುವವರು ಒಬ್ಬರು, ದೋರಸಮುದ್ರದ ನೀರನ್ನು ನೋಡಿಕೊಳ್ಳುವವರು ಇನ್ನೊಬ್ಬರು, ಬೇಲೂರಿನ ಶಿಲೆಗೆ ಹೊಣೆಗಾರರು ಮತ್ತೊಬ್ಬರು. ಒಬ್ಬೊಬ್ಬರೂ ತಮ್ಮ ತಮ್ಮ ಎಲ್ಲೆಯೊಳಗೆ ಶ್ರದ್ಧೆಯಿಂದ ಕೆಲಸಮಾಡುತ್ತಿರಬಹುದು. ಆದರೂ ಎಲ್ಲೆಗಳ ನಡುವೆ ಬಿಟ್ಟುಹೋದ ನೆಲವನ್ನು ಕೇಳುವವರಿಲ್ಲ. ಹಳ್ಳ ಮುಚ್ಚುವುದೂ, ಗುಡ್ಡ ಒಡೆಯುವುದೂ, ಮನುಷ್ಯನಿಗೂ ಆನೆಗೂ ಮರಣವಾಗುವುದೂ ಅಲ್ಲಿಯೇ. ಆ ನಡುವಣ ನೆಲಕ್ಕೆ ಹೊಸದೊಂದು ಬೇಲಿ ಹಾಕಿ ಉದ್ಯಾನವೆಂದು ಹೆಸರಿಡಬೇಕಾಗಿಲ್ಲ. ಜನ ಬಾಳುತ್ತಿರುವ ನೆಲದಲ್ಲಿ ಅದು ಸಾಧ್ಯವೂ ಅಲ್ಲ. ಮೂರು ಇಲಾಖೆಗಳವರೂ ಊರವರೊಡನೆ ಒಂದು ಕಡೆ ಕುಳಿತು, ಒಂದೇ ನಕ್ಷೆಯ ಮೇಲೆ ಹಳ್ಳವನ್ನೂ ಆನೆಯ ದಾರಿಯನ್ನೂ ಕರಡಿಯ ಗವಿಯನ್ನೂ ಗುಡಿಯ ಅಂಗಳವನ್ನೂ ಗುರುತಿಸಿದರೆ ಅದು ಒಳ್ಳೆಯ ಆರಂಭವಾದೀತು. ನೋಡಲು ಹೋಗುವ ನಾವು ಆ ನಕ್ಷೆಯನ್ನು ಮನಸ್ಸಿನಲ್ಲಾದರೂ ಬರೆದುಕೊಂಡು ಹೋದರೆ, ಚೆನ್ನಕೇಶವನ ಗೋಡೆಯ ಆನೆಸಾಲನ್ನು ನೋಡುವಾಗ ಅದೇ ಸಂಜೆ ಯಗಚಿಯ ಆಚೆಯ ತೋಟದಲ್ಲಿ ನಿಂತಿರುವ ಆನೆಯೂ, ಅದರ ಭಯದಿಂದ ದೀಪ ಹೊತ್ತಿಸಿ ಕುಳಿತಿರುವ ಕೂಲಿಯ ಮನೆಯೂ ನಮ್ಮ ಲೆಕ್ಕಕ್ಕೆ ಬರುತ್ತವೆ.